ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಗಂಟೆ ಬೇರೆ ಬೇರೆ

ದೇವನಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ನೆಟ್ಟಗೆ ಅಳೆದರೆ ಹತ್ತಿರ ಹತ್ತಿರ 14,000 ಕಿ.ಮೀ. ಗೋಡೆಯ ಭೂಪಟದಲ್ಲಿ ಗೆರೆ ಎಳೆದು ಈ ದಾರಿ ಹುಡುಕಿದರೆ ಸಿಗುವುದಿಲ್ಲ. ಗ್ಲೋಬ್ ತೆಗೆದುಕೊಂಡು ಎರಡು ಊರುಗಳ ನಡುವೆ ದಾರ ಬಿಗಿದು ನೋಡಿ. ದಾರ ಪೆಸಿಫಿಕ್ ನಡುವೆ ಹಾಯುವುದೇ ಇಲ್ಲ. ನೇಪಾಳ, ಟಿಬೆಟ್, ಸೈಬೀರಿಯಾದ ಮೇಲೆ ಏರುತ್ತಾ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೂ ಹೋಗಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ.

ವಿಮಾನ ಮಾತ್ರ ಈ ದಾರದ ಮೇಲೆ ಹಾರುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್. ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ ಬೇಗ 3,000 ಮೀಟರಿಗೆ ಇಳಿಯಬೇಕು, ಪ್ರಯಾಣಿಕರ ಮಾಸ್ಕಿನಲ್ಲಿ ಆಮ್ಲಜನಕ ಬರುವುದು ಕೆಲವೇ ನಿಮಿಷ. ಅಲ್ಲಿ ಇಳಿಯಲು ಜಾಗವೇ ಇಲ್ಲ, ಹಾಗಾಗಿ ಸುತ್ತು ಹಾಕುತ್ತಾರೆ.

ಇನ್ನು ಸಮಯ. ಬೋಯಿಂಗ್ 777 ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ. ಭಾಗಿಸಿದರೆ ಹದಿನೈದೂವರೆ ಗಂಟೆ. ಏರಲು, ಇಳಿಯಲು ಅರ್ಧ ಗಂಟೆ ಸೇರಿಸಿ. ದೂರ ಲೆಕ್ಕ ಹಾಕಿಕೊಡುವ ಜಾಲತಾಣಗಳ ‘ಹಾರಾಟದ ಅವಧಿ’ ಬಹುಪಾಲು ಇಷ್ಟೇ ಲೆಕ್ಕ, ಅದರಲ್ಲಿ ಗಾಳಿ ಇರುವುದಿಲ್ಲ. ಹತ್ತು ಕಿ.ಮೀ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹೋಗುವಾಗ ಜಪಾನ್ ಕಡೆಯಿಂದ ಪೆಸಿಫಿಕ್ ದಾಟುವ 14,900 ಕಿ.ಮೀ. ದಾರಿ ಹಿಡಿದು, ಬೆನ್ನಿಗೆ ಗಂಟೆಗೆ ಸರಾಸರಿ 80 ಕಿ.ಮೀ. ಗಾಳಿ ಸಿಕ್ಕಿತೆನ್ನಿ: ಹದಿನೈದೂಕಾಲು ಗಂಟೆ ಸಾಕು. 900 ಕಿ.ಮೀ. ಸುತ್ತಿಯೂ ಬೇಗ! ವಾಪಸ್ ಬರುವಾಗ ಅದೇ ಗಾಳಿ ಎದುರಾಗುತ್ತದೆ, ಅದಕ್ಕೇ ಧ್ರುವದ ಕಡೆ ತಿರುಗುವುದುಂಟು. ಎದುರುಗಾಳಿ ಜೋರಾದರೆ ಇಂಧನ ಹೆಚ್ಚು ತುಂಬಬೇಕು, ಆ ಇಂಧನ ಹೊರಲೂ ಇಂಧನ ಬೇಕು. 777-200ಎಲ್‌ಆರ್ ಎಂಬ ದೂರಪ್ರಯಾಣದ ಮಾದರಿಯ ಟ್ಯಾಂಕಿನಲ್ಲಿ ಸುಮಾರು 1,81,000 ಲೀಟರ್ ಹಿಡಿಯುತ್ತದೆ. ಅಷ್ಟು ತುಂಬಿದರೆ ಸರಕಿಗೋ ಸೀಟಿಗೋ ಕತ್ತರಿ ಬೀಳುತ್ತದೆ.

ನೇರ ವಿಮಾನ ಸಿಗದಿದ್ದರೆ? ದುಬೈ ಮೂಲಕ 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೂಲಕ 16,550, ಸಿಂಗಪುರ ಮೂಲಕ 16,760. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ವ್ಯತ್ಯಾಸ ಹೆಚ್ಚೆಂದರೆ ಸಾವಿರ ಕಿ.ಮೀ. ಚಿಲ್ಲರೆ, ಅಂದರೆ ಹಾರಾಟದಲ್ಲಿ ಒಂದು ಗಂಟೆ ಚಿಲ್ಲರೆ. ಆದ್ದರಿಂದ ಕಿಲೋಮೀಟರ್ ಬಿಟ್ಟು, ನಡುವೆ ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ನೋಡಿ ಟಿಕೆಟ್ ಆರಿಸಿ.

ಎಡವಟ್ಟಾಗುವುದು ಗಡಿಯಾರದಲ್ಲಿ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಉಳಿದಂತೆ ಹದಿಮೂರೂವರೆ. ಬೇಸಿಗೆಯಲ್ಲಿ ಮಧ್ಯಾಹ್ನ 2ಕ್ಕೆ ಇಲ್ಲಿಂದ ಹೊರಟು 16 ಗಂಟೆ ಹಾರಿದರೆ ಅಲ್ಲಿ ಅದೇ ದಿನ ಸಂಜೆ 5.30. ವಾಪಸ್ ಬರುವಾಗ ಅಲ್ಲಿಂದ ರಾತ್ರಿ ಹೊರಟರೆ ತಾರೀಖು ಎರಡು ಹೆಜ್ಜೆ ಮುಂದೆ ಹಾರುತ್ತದೆ. ಈ ಮಾರ್ಗದ ಮೊದಲ ತಡೆರಹಿತ ವಿಮಾನ, ಏರ್ ಇಂಡಿಯಾದ್ದು, ಮಹಿಳಾ ಪೈಲಟ್‌ಗಳೇ ನಡೆಸಿದ್ದು, ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟದ್ದು 9 ಜನವರಿ 2021ರ ಶನಿವಾರ ರಾತ್ರಿ. ಸುಮಾರು 17 ಗಂಟೆ ಹಾರಿ ಬೆಂಗಳೂರಿಗೆ ಇಳಿದದ್ದು 11ರ ಸೋಮವಾರ ನಸುಕಿನಲ್ಲಿ. ಇಂಥ ವಿಮಾನದಲ್ಲಿ ಬರುವವರನ್ನು ಕರೆತರಲು ಟ್ಯಾಕ್ಸಿಯವನಿಗೆ ‘ಸೋಮವಾರ ಬೆಳಗಿನ ಜಾವ 3’ ಅಂದರೆ ಅವನು ಸೋಮವಾರ ರಾತ್ರಿ ಮಲಗದೆ ಕಾದಾನು. ‘ಭಾನುವಾರ ರಾತ್ರಿ ಊಟ ಮಾಡಿ ಹೊರಡಿ’ ಅನ್ನಿ.