ಮಣಿಕಟ್ಟು ತಿರುಗಿಸಿದ್ದಷ್ಟೇ

ಇವತ್ತು ಸಂಜೆ ಸಾಲು ಕಡ್ಡಿಗಳ ‘ಯಾಗಿ’ ಆಂಟೆನಾ ಕೈಯಲ್ಲಿ ಹಿಡಿದು ಹ್ಯಾಮ್ (ಹವ್ಯಾಸಿ ರೇಡಿಯೋ) ಉಪಗ್ರಹವೊಂದನ್ನು ಕೇಳುತ್ತಿದ್ದೆ. ಮಾತು ಇದ್ದಕ್ಕಿದ್ದಂತೆ ಗೊರಗೊರ ಸದ್ದಿನಲ್ಲಿ ಮುಳುಗಿಹೋಯಿತು. ದಿಕ್ಕು ಸರಿಯಾಗೇ ಇತ್ತು. ಸುಮ್ನೆ ಮಣಿಕಟ್ಟು ತಿರುಗಿಸಿ, ಅಡ್ಡ ಇದ್ದ ಕಡ್ಡಿಗಳನ್ನು ನೆಟ್ಟಗೆ ಮಾಡಿದೆ.

ದನಿ ಸ್ಪಷ್ಟ!

ಎಷ್ಟು ಚೆಂದ ಅಲ್ವಾ? ಆಂಟೆನಾ ಎತ್ತ ನೋಡುತ್ತಿದೆ ಅನ್ನುವುದಷ್ಟೇ ಸಾಲದು. ರೇಡಿಯೋ ಅಲೆ ಅಡ್ಡ ಆಡುತ್ತಿದೆಯಾ, ನೆಟ್ಟಗೆ ಆಡುತ್ತಿದೆಯಾ ಅನ್ನುವುದೂ ಲೆಕ್ಕ; ಇದಕ್ಕೇ ಪೋಲರೈಸೇಶನ್ ಅನ್ನೋದು. ಅಲೆಯೂ ಆಂಟೆನಾದ ಕಡ್ಡಿಗಳೂ ಒಂದಕ್ಕೊಂದು ಪೂರ್ತಿ ಅಡ್ಡವಾದರೆ 20 ಡೆಸಿಬೆಲ್, ಕೆಲವೊಮ್ಮೆ ಇನ್ನೂ ಜಾಸ್ತಿ ನಷ್ಟ. ಅಂದರೆ ಸಂಕೇತದ ಶಕ್ತಿಯಲ್ಲಿ ನೂರರಲ್ಲಿ ಒಂದು ಪಾಲು ಸಿಕ್ಕರೆ ಹೆಚ್ಚು.

ಉಪಗ್ರಹ ಸಾಗುತ್ತಾ ಉರುಳುತ್ತಿರುತ್ತದೆ, ಹಾಗಾಗಿ ನಮ್ಮ ಕೈಯೂ ತಿರುಗುತ್ತಿರಬೇಕು. ಸುತ್ತುತ್ತಾ ಸಾಗುವ ಅಲೆಗೆಂದು ಮಾಡಿದ ವೃತ್ತಾಕಾರದ ಪೋಲರೈಸೇಶನ್ ಆಂಟೆನಾಕ್ಕೆ ಈ ತಾಪತ್ರಯ ಇಲ್ಲ, ಸುಮಾರು 3 ಡೆಸಿಬೆಲ್, ಅಂದರೆ ಅರ್ಧದಷ್ಟು ಶಕ್ತಿ, ಬಿಟ್ಟುಕೊಟ್ಟರೆ ಆಯಿತು. ನನಗಂತೂ ಹೀಗೆ ಕೈಯಲ್ಲೇ ಹುಡುಕುವುದು ಇಷ್ಟ.