ಪಲ್ಪರ್ ಬೆಲ್ಟಿನ ಟಕ್ಕು, ಮತ್ತೆ ಈ ಮಳೆಗಾಲದಲ್ಲಿ ಕೇಳಿದ ಆಲ್ಬಮ್‌ಗಳು

ಅಮೆರಿಕದ ಹಿಪ್‌ಹಾಪ್ ಬೀಟ್‌ಗಾರ ಜೇ ಡಿಲ್ಲಾನ ಡೋನಟ್ಸ್ ಆಲ್ಬಮ್ಮನ್ನ ಶಫಲ್‌ನಲ್ಲಿ ಹಾಕ್ಕೊಂಡು ಕೇಳೋರಿದ್ರೆ ದಯವಿಟ್ಟು ಇವತ್ತೇ ನಿಲ್ಸಿ. 31 ಟ್ರ್ಯಾಕು, ಎಲ್ಲಾ ಸೇರಿದ್ರೂ ಮುಕ್ಕಾಲು ಗಂಟೆ ಆಗಲ್ಲ, ಹೆಚ್ಚಿನವು ಎರಡು ನಿಮಿಷದೊಳಗೇ ಮುಗ್ದೋಗ್ತವೆ, ಮೊದಲನೇದರ ಹೆಸರೇ ಔಟ್ರೋ, ಕೊನೇದು ಮುಗಿಯೋ ಜಾಗದಿಂದ ಸೀದಾ ಮೊದಲನೇದಕ್ಕೆ ಸೇರ್ಕೊಳ್ಳುತ್ತೆ, ಅಂದ್ರೆ ಇಡೀ ಆಲ್ಬಮ್ಮೇ ಒಂದು ಸುತ್ತು. 2006ರ ಫೆಬ್ರವರಿ 7ಕ್ಕೆ, ಅವನ 32ನೇ ಹುಟ್ಟುಹಬ್ಬದ ದಿನ, ಇದು ಬಂತು. ಮೂರೇ ದಿನಕ್ಕೆ ಅವನು ತೀರ್ಕೊಂಡ. ಅದರಲ್ಲಿ ಡೋಂಟ್ ಕ್ರೈ ಅಂತ ಒಂದಿದೆ, ಮೊದಲು ಹಳೇ ಸೋಲ್ (ಅಮೆರಿಕದ ಕಪ್ಪುಜನರ ಸಂಗೀತ) ಹಾಡನ್ನ ಹೆಚ್ಚುಕಮ್ಮಿ ಇದ್ದಂಗೇ ಕೇಳಿಸ್ತಾನೆ, ಆಮೇಲೆ ಅದನ್ನೇ ಚೂರು ಚೂರು ಕತ್ತರಿಸಿ ಬೇರೆ ಥರ ಹೊಲೀತಾನೆ, ಬಟ್ಟೆನೂ ತೋರಿಸಿ ಕತ್ತರಿನೂ ತೋರಿಸಿದಂಗೆ. ನಾನು ಅದನ್ನ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ, ಇನ್ನೂ ಗಂಟಲು ಕಟ್ಟುತ್ತೆ.

ಈ ಥರ ಒಂದೇ ತುಣುಕು ಸುತ್ತೋದನ್ನ ಹಾಕಿದ್ರೆ ಮನೆಗೆ ಬಂದೋರು ಕೇಳೋದು ಒಂದೇ ಮಾತು, ಏನಪ್ಪಾ ಇದು ಹೇಳಿದ್ದೇ ಹೇಳ್ತಾ ಇದೆಯಲ್ಲ ಅಂತ. ನಂಗೆ ಆ ಹೇಳಿದ್ದೇ ಹೇಳೋದರ ಮೇಲೇ ಪ್ರೀತಿ. ಅದು ಎಲ್ಲಿಂದ ಬಂತು ಅಂತಾನೂ ಗೊತ್ತು.

ಕೊಡಗಿನ ಸುಂಟಿಕೊಪ್ಪದ ಹತ್ರ ಒಂದು ತೋಟದಲ್ಲಿ ಅಪ್ಪ ರೈಟರ್, ಅಂದ್ರೆ ಲೆಕ್ಕ ಬರೆಯೋರು, ಆಗಿದ್ರು. ಕಾಫಿ ಕುಯ್ಲು ಶುರುವಾದ್ರೆ ಸಂಜೆ ಹೊತ್ತು ಪಲ್ಪರ್, ಅಂದ್ರೆ ಹಣ್ಣಿನ ಸಿಪ್ಪೆ ಬಿಡಿಸೋ ಮಶೀನು, ಓಡೋದು. ಡೀಸೆಲ್ ಇಂಜಿನ್‌ನಿಂದ ಪಲ್ಪರ್‌ಗೆ ಒಂದು ಅಗಲದ ಬೆಲ್ಟು, ಅದರ ಎರಡು ತುದಿ ಸೇರಿಸಿ ಕ್ಲಿಪ್ ಹೊಡೆದಿರ್ತಾರಲ್ಲ, ಆ ಜಾಯಿಂಟು ಪುಲ್ಲಿ ಮೇಲೆ ಬಂದಾಗೆಲ್ಲ ಟಕ್. ಸುತ್ತ ಇಂಜಿನ್ ಗುಡುಗುಡು, ನೀರಿನ ಜೊತೆ ಹಣ್ಣು ಉರುಳೋ ಶಬ್ದ, ಬೈಗುಳ, ನಗು ಎಲ್ಲಾ ಬದಲಾಗ್ತಾ ಇರೋದು, ಟಕ್ ಮಾತ್ರ ಒಂದೇ ಲೆಕ್ಕ. ಅಪ್ಪ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೀತಾ ಇದ್ದೋರು ತಲೆ ಎತ್ತದೇನೇ ಬೆಲ್ಟು ಸಡಿಲ ಆಯ್ತು ಅನ್ನೋರು. ನಾನು ಪಕ್ಕದಲ್ಲಿ ಚೀಲದ ಮೇಲೆ ಕೂತು ಕೇಳಿದ್ರೆ ನಂಗೇನೂ ಗೊತ್ತಾಗ್ತಿರ್ಲಿಲ್ಲ, ಎಷ್ಟೋ ಹೊತ್ತು ಕಿವಿ ಕೊಟ್ಟ ಮೇಲೆ ಹೌದು, ಟಕ್ ಒಂಚೂರು ತಡವಾಗ್ತಿದೆ ಅನ್ಸೋದು.

ಕೊಡವರ ಸುಗ್ಗಿ ಹಬ್ಬ ಪುತ್ತರಿಗೆ ಗೆಳೆಯನ ಐನ್‌ಮನೆಗೆ (ಕುಲದ ಹಿರಿಮನೆಗೆ) ಹೋದಾಗಲೂ ಹಂಗೇ. ನಾಲ್ಕು ಜನ ದುಡಿ ಅನ್ನೋ ಪುಟ್ಟ ಚರ್ಮವಾದ್ಯ ಹಿಡ್ಕೊಂಡು ನಿಂತ್ರೆ ಇಬ್ಬರು ಒಂದು ಸಾಲು ಹೇಳ್ತಾರೆ, ಇನ್ನಿಬ್ಬರು ಅದನ್ನೇ ತಿರುಗಿ ಹೇಳ್ತಾರೆ, ದುಡಿ ಬಡಿತ ಬದಲಾಗಲ್ಲ, ಆ ಮನೆಯೋರ ಹೆಸರು ಹಾಡೊಳಗೆ ಬಂದಾಗ ಇಡೀ ಜಗಲಿ ಎದ್ದು ಕೂರುತ್ತೆ. ಬಡಿತ ಒಂದೇ ಇದ್ರೇನೇ ಆ ಹೆಸರು ಅಷ್ಟು ಬೆಳಗೋದು.

ಅದಕ್ಕೇ ಅಮೆರಿಕದ ಸಂಗೀತಗಾರ ವಿಲಿಯಂ ಬಸಿನ್ಸ್ಕಿಯ ಡಿಸಿಂಟಿಗ್ರೇಷನ್ ಲೂಪ್ಸ್ ನಂಗೆ ಮೊದಲ ಸಲಕ್ಕೇ ಅರ್ಥ ಆಯ್ತು. ಎಂಬತ್ತರ ದಶಕದ ಟೇಪ್ ತುಂಡುಗಳನ್ನ 2001ರಲ್ಲಿ ಡಿಜಿಟಲ್‌ಗೆ ಹಾಕೋಕೆ ಹೋದ್ರೆ, ಟೇಪ್ ಸುತ್ತಿದಂಗೆಲ್ಲ ಮೇಲಿನ ಲೇಪ ಉದುರೋಕೆ ಶುರುವಾಯ್ತು, ಅವರು ನಿಲ್ಲಿಸದೇ ರೆಕಾರ್ಡ್ ಮಾಡ್ತಾ ಹೋದ್ರು. ಮೊದಲನೇ ಪೀಸು ಒಂದು ಗಂಟೆಗೂ ಮೇಲಿದೆ. ಪ್ರತಿ ಸುತ್ತಲ್ಲೂ ಒಂಚೂರು ಕಮ್ಮಿ. ಕರೆಂಟ್ ಹೋಗಿ ಎರಡನೇ ದಿನ, ಫೋನಲ್ಲಿ ಉಳಿದಿದ್ದ ಚಾರ್ಜಲ್ಲಿ ಅದನ್ನ ಪೂರ್ತಿ ಕೇಳ್ದೆ, ಪೋಸ್ಟ್ ಮಾಡೋಕೆ ನೆಟ್ವರ್ಕೂ ಇರ್ಲಿಲ್ಲ, ಒಳ್ಳೇದೇ ಆಯ್ತು.

ಬ್ರಿಟನ್ನಿನ ಎಲೆಕ್ಟ್ರಾನಿಕ್ ಸಂಗೀತಗಾರ ಏಫೆಕ್ಸ್ ಟ್ವಿನ್ ವಿಷ್ಯದಲ್ಲಿ ಎಲ್ರೂ ಹೊಗಳೋದು 1992ರ ಆಲ್ಬಮ್ಮನ್ನ. ನನ್ನ ಓಟು ಸೆಲೆಕ್ಟೆಡ್ ಆಂಬಿಯೆಂಟ್ ವರ್ಕ್ಸ್ ವಾಲ್ಯೂಮ್ ಎರಡಕ್ಕೆ, 1994ರದ್ದು, ಬೀಟು ಇಲ್ಲ ಅನ್ನೋವಷ್ಟು ಕಮ್ಮಿ, ಟ್ರ್ಯಾಕ್‌ಗಳಿಗೆ ಹೆಸರಿನ ಬದಲು ಫೋಟೋಗಳು. ಹಂಚಿನ ಮೇಲೆ ಜುಲೈ ಮಳೆ ಬೀಳ್ತಿರೋವಾಗ ಕೇಳಿ, ಎಲ್ಲಿ ಮಳೆ ಎಲ್ಲಿ ಸಿಂಥಸೈಜರ್ ಅಂತ ಗೊತ್ತಾಗಲ್ಲ.

ಇನ್ನು ಚರಣ್‌ಜಿತ್ ಸಿಂಗ್. ಬಾಂಬೆ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸ್ತಿದ್ದೋರು, 1982ರಲ್ಲಿ ಡಿಸ್ಕೋ ಬೀಟ್ ಮೇಲೆ ಹತ್ತು ರಾಗ ಮಾಡಿದ್ರು, 808 ಡ್ರಮ್ ಮಶೀನು, 303 ಬೇಸ್ ಮಶೀನು, ಜುಪಿಟರ್ ಕೀಬೋರ್ಡು. 2010ರಲ್ಲಿ ಅದು ಮತ್ತೆ ಬಂದಾಗ ಎಲ್ರೂ ಶಿಕಾಗೋದಲ್ಲಿ ಇದೇ 303 ಬಳಸಿ ಹುಟ್ಟಿದ ಕುಣಿತದ ಸಂಗೀತ ಆಸಿಡ್ ಹೌಸ್‌ಗಿಂತ ಐದು ವರ್ಷ ಮುಂಚೆ ಅಂತ ಅದೊಂದನ್ನೇ ಹಿಡ್ಕೊಂಡ್ರು. ಯಾರು ಮೊದಲು ಅನ್ನೋ ಪೈಪೋಟಿಯಲ್ಲಿ ನಂಗೆ ಆಸಕ್ತಿ ಇಲ್ಲ, ಅಹಮದಾಬಾದಿನ ಡಿಸೈನ್ ಕಾಲೇಜು ಎನ್‌ಐಡಿಗೆ 1969ರಲ್ಲೇ ಮೋಗ್ ಸಿಂಥಸೈಜರ್ ಬಂದಿತ್ತು, ಆ ಕಾಲದ ಟೇಪ್‌ಗಳು 2023ರಲ್ಲಿ ಆಲ್ಬಮ್ ಆಗಿ ಬಂದಿವೆ, ಅದನ್ನೂ ಕೇಳಿ. ಸಿಂಗ್ ಅವರದ್ದರಲ್ಲಿ ನಂಗೆ ಹಿಡ್ಸೋದು 303 ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋ ರೀತಿ, ಹಿಂದೂಸ್ತಾನಿಯ ಮೀಂಡ್ ಎಳೆದಂಗೇ ಇದೆ, ಮೇಘಮಲ್ಹಾರ್‌ನಲ್ಲಂತೂ ಮಳೆ ಬಂದೇ ಬರುತ್ತೆ ಅನ್ಸುತ್ತೆ.

ರ‍್ಯಾಪ್‌ಗೆ ಬಂದ್ರೆ ಮ್ಯಾಡ್‌ವಿಲನಿ, 2004. ಮ್ಯಾಡ್‌ಲಿಬ್ ಬೀಟು, ರ‍್ಯಾಪರ್ ಡೂಮ್ ಮಾತು, 22 ಟ್ರ್ಯಾಕು, ಹೆಚ್ಚಿನವಕ್ಕೆ ಪಲ್ಲವಿನೇ ಇಲ್ಲ. ಬೀಟು ಒಂದೇ ಕಡೆ ಸುತ್ತುತ್ತಾ ಇರುತ್ತೆ, ಬದಲಾಗೋ ಕೆಲಸ ಪೂರ್ತಿ ಮಾತಿಂದು. ಡೂಮ್ ಪ್ರಾಸ ಸಾಲಿನ ಕೊನೆಗೆ ಮಾತ್ರ ನಿಲ್ಲಲ್ಲ, ನಡುವೆ, ಶುರುವಲ್ಲಿ, ಎಲ್ಲೆಲ್ಲೂ ಸಿಗುತ್ತೆ. ಕನ್ನಡ ರ‍್ಯಾಪ್ ಮಾಡೋ ಹುಡುಗರಿಗೆ ನನ್ನ ಮನವಿ ಇದೇ. ನಮ್ಮ ಭಾಷೇಲಿ ಕ್ರಿಯಾಪದ ಕೊನೆಗೆ ಬರುತ್ತೆ, ಮಾಡ್ತೀನಿ ನೋಡ್ತೀನಿ ಓಡ್ತೀನಿ ಅಂತ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತೆ, ಪುಕ್ಕಟೆ ಸಿಕ್ಕಿದ್ದು ಎರಡನೇ ಸಲ ಕೇಳೋವಾಗಲೇ ಸಪ್ಪೆ ಆಗುತ್ತೆ. ಹಳೇ ಕವಿಗಳು ಸಾಲಿನ ಎರಡನೇ ಅಕ್ಷರಕ್ಕೇ ಪ್ರಾಸ ಹಿಡೀತಿದ್ರಲ್ಲ, ಆದಿಪ್ರಾಸ, ಅದನ್ನ ಒಂದು ಸಲ ಬೀಟ್ ಮೇಲೆ ಕೂರಿಸಿ ನೋಡಿ, ನಾನಂತೂ ಅಂಥ ಆಲ್ಬಮ್ಮಿಗೆ ಕಾಯ್ತಾ ಇದೀನಿ.

ರ‍್ಯಾಪರ್ ಕೆಂಡ್ರಿಕ್ ಲಮಾರ್‌ಗೆ 2018ರಲ್ಲಿ ಪುಲಿಟ್ಸರ್ ಪ್ರಶಸ್ತಿ ಬಂದಿದ್ದು ಅವನ ಆಲ್ಬಮ್ ಡ್ಯಾಮ್‌ಗೆ, ನಂಗೆ 2015ರ ಟು ಪಿಂಪ್ ಎ ಬಟರ್‌ಫ್ಲೈನೇ ದೊಡ್ಡದು. ಅದರ ಬಗ್ಗೆ ಇನ್ನೊಂದು ದಿನ.

ಆ ಪಲ್ಪರ್ ಈಗಿಲ್ಲ, ಗುಜರಿಗೆ ಹೋಯ್ತು. ಕೊಡೋ ಮುಂಚೆ ಕೊನೇ ಕುಯ್ಲಿನಲ್ಲಿ ನಾನು ಫೋನಲ್ಲಿ ನಾಲ್ಕು ನಿಮಿಷ ರೆಕಾರ್ಡ್ ಮಾಡ್ಕೊಂಡಿದ್ದೆ. ಮೊನ್ನೆ ಬಸಿನ್ಸ್ಕಿ ಮುಗಿದ ಮೇಲೆ ಅದನ್ನ ಹಾಕ್ದೆ. ಅಪ್ಪ ಒಳಗೆ ರೇಡಿಯೋಗೆ ಸೆಲ್ ಹಾಕ್ತಾ ಇದ್ರು, ಏನೂ ಕೇಳ್ಲಿಲ್ಲ, ಮೂರನೇ ನಿಮಿಷದ ಹೊತ್ತಿಗೆ ಅಲ್ಲಿಂದಲೇ ಅಂದ್ರು, "ಬೆಲ್ಟು ಸಡಿಲ ಆಯ್ತು ನೋಡೋ."