ಎದುರಾಳಿಗಳ ಊರಿನ ಪಂದ್ಯಕ್ಕೆ ಹೊರಟವರಿಗೆ

ನಮ್ಮ ಫುಟ್‌ಬಾಲ್ ತಂಡದ ಹಿಂದೆ ಊರೂರು ಸುತ್ತುವುದು ನನಗೆ ಹೊಸದಲ್ಲ. ಆದರೆ ಗ್ಯಾಲರಿಯಲ್ಲಿ ಜೀವಭಯ ಆಗಿದ್ದು ಒಂದೇ ಒಂದು ಸಲ, ಎದುರಾಳಿಗಳ ಊರಿನ ಪಂದ್ಯವೊಂದರಲ್ಲಿ. ನೀವೂ ಹೊರಟಿದ್ದರೆ ಇದನ್ನು ಓದಿಕೊಂಡು ಹೋಗಿ.

ಮೊದಲು ಟಿಕೆಟ್. ನಿಮ್ಮ ಕ್ಲಬ್ ಮೂಲಕವೇ ತೆಗೆದುಕೊಳ್ಳಿ. ಹೊರಗಿನಿಂದ ಬಂದವರಿಗೆ ಬೇರೆ ಸ್ಟ್ಯಾಂಡ್ ಇರುತ್ತದೆ, ಸೀಟು ಕಮ್ಮಿ. ಸಿಗಲಿಲ್ಲ ಅಂತ ಆ ಊರಿನವರ ಸ್ಟ್ಯಾಂಡ್‌ನಲ್ಲಿ ಕೂರಬೇಡಿ. ನನ್ನ ಗೆಳೆಯ ಹಾಗೆ ಕೂತಿದ್ದ. ನಮ್ಮವರು ಗೋಲು ಹೊಡೆದಾಗ ತಡೆಯಲಾಗದೆ ಎದ್ದು ನಿಂತ. ಅವನನ್ನು ಹೊರಗೆ ಕರೆದೊಯ್ಯಲು ನಾಲ್ಕು ಜನ ಸಿಬ್ಬಂದಿ ಬೇಕಾಯಿತು.

ಗಲಾಟೆ ಶುರುವಾಗಿದ್ದು ಕೊನೆಯ ನಿಮಿಷಗಳಲ್ಲಿ, ನಾವು ಸಮ ಮಾಡಿಕೊಂಡ ಮೇಲೆ. ಮೊದಲು ಒಂದು ಬಾಟಲಿ ಬಂತು. ಆಮೇಲೆ ನಾಣ್ಯಗಳು. ಆಮೇಲೆ ಉರಿಯುವ ಫ್ಲೇರ್ ಬಂದು ನಮ್ಮ ಸಾಲುಗಳ ಮಧ್ಯೆ ಬಿತ್ತು. ಮೇಲಿನವರೆಲ್ಲ ಒಟ್ಟಿಗೆ ಕೆಳಗೆ ನುಗ್ಗಿದರು. ಇರುವುದೇ ಒಂದು ಕಿರಿದಾದ ಮೆಟ್ಟಿಲು. ಅಲ್ಲಿ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಜನರೇ ನನ್ನನ್ನು ಹೊತ್ತು ಸಾಗಿಸುತ್ತಿದ್ದರು. ಉಸಿರು ಒಳಗೆ ಹೋಗುತ್ತಲೇ ಇರಲಿಲ್ಲ. ಬಾಟಲಿ ಎಸೆದವರಿಗಿಂತ ಆ ಮೆಟ್ಟಿಲು ನನ್ನನ್ನು ಜಾಸ್ತಿ ಹೆದರಿಸಿತು.

ಇತಿಹಾಸವೂ ಅದನ್ನೇ ಹೇಳುತ್ತದೆ. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೊ ಫುಟ್‌ಬಾಲ್ ಮೈದಾನದಲ್ಲಿ 97 ಜೀವ ಹೋಗಿದ್ದು ಹೊಡೆದಾಟದಿಂದಲ್ಲ, ನೂಕುನುಗ್ಗಲಿನಿಂದ. 2022ರಲ್ಲಿ ಇಂಡೊನೇಷ್ಯಾದ ಕಂಜುರುಹಾನ್ ಮೈದಾನದಲ್ಲಿ ಪೊಲೀಸರು ಅಶ್ರುವಾಯು ಸಿಡಿಸಿದರು, ಜನ ಗೇಟುಗಳತ್ತ ಓಡಿದರು, 135 ಜನ ಸತ್ತರು. ಅವರೂ ನಮ್ಮ ಹಾಗೆ ಸುಮ್ನೆ ಮ್ಯಾಚ್ ನೋಡಲು ಬಂದವರು, ಅಲ್ವಾ?

ಆದ್ದರಿಂದ ಸೀಟಿಗೆ ಹೋದ ಕೂಡಲೇ ಬಂದ ಗೇಟು ಬಿಟ್ಟು ಇನ್ನೊಂದು ದಾರಿ ಎಲ್ಲಿದೆ ನೋಡಿಕೊಳ್ಳಿ. ನೂಕಾಟದಲ್ಲಿ ಸಿಕ್ಕಿದರೆ ಎರಡೂ ಕೈ ಮಡಚಿ ಎದೆಯ ಮುಂದೆ ಹಿಡಿಯಿರಿ. ಉಸಿರಾಡಲು ಅಷ್ಟು ಜಾಗ ಉಳಿಯಲೇಬೇಕು. ಕೂಗಿ ಉಸಿರು ಕಳೆಯಬೇಡಿ. ಜನರ ಅಲೆಗೆ ಎದುರು ನಿಲ್ಲಬೇಡಿ. ಅಲೆ ನಿಂತ ಕ್ಷಣದಲ್ಲಿ ಓರೆಯಾಗಿ ಅಂಚಿನ ಕಡೆ ಸರಿಯಿರಿ, ಆದರೆ ಗೋಡೆ, ಕಂಬಿಗೆ ಒತ್ತಿಕೊಳ್ಳಬೇಡಿ. ಫೋನ್ ಬಿದ್ದರೆ ಬಿಡಿ, ಬಗ್ಗಬೇಡಿ. ಪಕ್ಕದವರು ಬಿದ್ದರೆ ತೋಳು ಹಿಡಿದು ಎತ್ತಿ. ನನ್ನನ್ನೂ ಒಬ್ಬರು ಹಾಗೇ ಮೇಲಕ್ಕೆ ಎಳೆದರು. ಅವರ ಮುಖ ಸರಿಯಾಗಿ ನೋಡಲೂ ಆಗಲಿಲ್ಲ. ಅವರಿಗೆ ಥ್ಯಾಂಕ್ಸ್ ಹೇಳಲಿಲ್ಲ ಅನ್ನುವ ಕೊರಗು ಇವತ್ತಿಗೂ ಇದೆ. ಶೂ ಲೇಸ್ ಬಿಗಿಯಾಗಿ ಕಟ್ಟಿರಿ. ನನ್ನ ಒಂದು ಶೂ ಅಲ್ಲೇ ಹೋಯಿತು.

ಪಂದ್ಯ ಮುಗಿದ ಮೇಲೆ ನಮ್ಮನ್ನು ತುಂಬಾ ಹೊತ್ತು ಒಳಗೇ ಕೂರಿಸಿದರು. ಆ ಊರಿನವರು ಚದುರಲಿ ಅಂತ. ಆಗ ಸಿಟ್ಟು ಬಂದಿತ್ತು, ಈಗ ಅದು ಸರಿ ಅನ್ನಿಸುತ್ತದೆ. ಹಾಗಾಗಿ ವಾಪಸ್ ರೈಲು ಪಂದ್ಯಕ್ಕೆ ಹತ್ತಿರದ ಸಮಯದ್ದು ಬೇಡ. ಒಂದು ರಾತ್ರಿ ಉಳಿಯಲು ಆದರೆ ಇನ್ನೂ ಒಳ್ಳೆಯದು. ಹೊರಗೆ ಬರುವಾಗ ತಂಡದ ಸ್ಕಾರ್ಫ್ ಜಾಕೆಟ್ ಒಳಗೆ ಇರಲಿ. ಗುಂಪಿನವರು ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಅಷ್ಟು ಜನ ಇರುವಲ್ಲಿ ಫೋನ್ ಸಿಗುವುದು ಕಷ್ಟ. ಆ ರಾತ್ರಿ ನಮ್ಮಲ್ಲಿ ಒಬ್ಬ ಹುಡುಗನಿಗಾಗಿ ಎರಡು ಗಂಟೆ ಹುಡುಕಿದೆವು. ಅವನು ಇನ್ನೊಂದು ಗೇಟಿನ ಹತ್ತಿರ ನಮಗಾಗಿ ಕಾಯುತ್ತಾ ನಿಂತಿದ್ದ.